ಜಪಾನಿನಿಂದ ಬರುವ ಅತಿಥಿಗೆ ದಕ್ಷಿಣ ಇಟಲಿಯಲ್ಲಿ ಏನೇನು ತಿನ್ನಿಸಬೇಕು?

ಜಪಾನಿನ ಸ್ನೇಹಿತರೊಬ್ಬರು ಮಾರ್ಚ್‌ನಲ್ಲಿ ಬರುತ್ತಾರೆ, ನಾಲ್ಕು ದಿನ ಇರುತ್ತಾರೆ, ದಕ್ಷಿಣ ಇಟಲಿಯ ಊಟ ತೋರಿಸಲು ನೇಪಲ್ಸ್‌ನಿಂದ ಶುರು ಮಾಡಲೇ ಅಂತ ಕೇಳಿದ್ದೀರಿ. ನನ್ನ ಮಾತು ಕೇಳಿ, ಪೂಲ್ಯಾ ಪ್ರಾಂತ್ಯದ ಬಂದರು ನಗರ ಬಾರಿ (Bari), ಅಲ್ಲಿಂದ ಶುರು ಮಾಡಿ. ನಾನು ಕೆಲಸದ ಮೇಲೆ ಇದೇ ಊರಿನಲ್ಲಿದ್ದೇನೆ. ಒಸಾಕಾದ ಹಿರಿಯ ಸಹೋದ್ಯೋಗಿಯೊಬ್ಬರನ್ನು ಹೀಗೇ ಸುತ್ತಾಡಿಸಿದ್ದೇನೆ.

ನೇಪಲ್ಸ್ ಪಿಜ್ಜಾ ಚೆನ್ನಾಗಿಯೇ ಇರುತ್ತದೆ. ಆದರೆ ಒಳ್ಳೆಯ ನೇಪಲ್ಸ್ ಪಿಜ್ಜಾ ಟೋಕಿಯೋದಲ್ಲೂ ಸಿಗುತ್ತದೆ. ಬಾರಿಯ ಮೀನು, ಸೊಪ್ಪಿನ ಕಥೆ ಬೇರೆ. ಜಪಾನಿನವರಿಗೆ ಚಿಕ್ಕಂದಿನಿಂದ ಗೊತ್ತಿರುವ ಪದಾರ್ಥಗಳೇ ಇಲ್ಲಿ ಬೇರೆ ರುಚಿಯಲ್ಲಿ ತಟ್ಟೆಗೆ ಬರುತ್ತವೆ. ಅವರಿಗೆ ಖುಷಿ ಕೊಡುವುದು ಅದೇ.

ಬೆಳಿಗ್ಗೆ ಹಳೇ ಬಂದರಿನ ಸ್ಯಾನ್ ನಿಕೋಲಾ ಕಟ್ಟೆಗೆ ಹೋಗಿ. ಮೀನುಗಾರರು ಸಣ್ಣ ಆಕ್ಟೋಪಸ್‌ಗಳನ್ನು ಕಲ್ಲಿಗೆ ಬಡಿಯುತ್ತಿರುತ್ತಾರೆ. ಆಮೇಲೆ ಅದನ್ನು ಬುಟ್ಟಿಗೆ ಹಾಕಿ ಸಮುದ್ರದ ನೀರಿನಲ್ಲಿ ಗರಗರ ತಿರುಗಿಸುತ್ತಾರೆ. ತಿರುಗಿಸಿದಷ್ಟೂ ಕಾಲುಗಳು ಸುರುಳಿ ಸುತ್ತಿಕೊಳ್ಳುತ್ತವೆ, ಮಾಂಸ ಗರಿಗರಿಯಾಗುತ್ತದೆ. ಬಾರಿಯವರು ಅದನ್ನು ಹಸಿಯಾಗಿಯೇ ತಿನ್ನುತ್ತಾರೆ. ಸೋಯಾ ಸಾಸ್ ಇಲ್ಲ, ಜಪಾನಿನವರ ಖಾರದ ವಸಾಬಿ ಇಲ್ಲ. ಹೆಚ್ಚೆಂದರೆ ನಿಂಬೆಹಣ್ಣು, ಪಕ್ಕದಲ್ಲಿ ಪೆರೋನಿ ಬಿಯರ್. ನಾನು ಕರಾವಳಿಯವನು, ಮೀನಿಗೆ ಖಾರ ಅರೆಯದೆ ಊಟವೇ ಇಲ್ಲದ ಮನೆಯಲ್ಲಿ ಬೆಳೆದವನು. ನನಗೆ ಧೈರ್ಯ ಬರಲು ಸಮಯ ಹಿಡಿಯಿತು. ನನ್ನ ಸಹೋದ್ಯೋಗಿ ಮಾತ್ರ ಕಣ್ಣು ಮುಚ್ಚಿ ನಿಧಾನಕ್ಕೆ ಅಗಿದರು. ಒಸಾಕಾದಲ್ಲಿ ಆಕ್ಟೋಪಸ್ ಬೇಯಿಸಿಯೇ ಜಾಸ್ತಿ ತಿನ್ನುವುದು, ಬಡಿದು ಮೃದು ಮಾಡಿ ಹಸಿಯಾಗಿ ತಿನ್ನುವ ಈ ಉಪಾಯ ಹೊಸದು ಅಂದರು. ಇನ್ನೊಂದು ತುಂಡು ತಾವೇ ಕೇಳಿ ತಗೊಂಡರು.

ಇಲ್ಲಿ ಒಂದು ಎಚ್ಚರ ಬೇಕು. ಯುರೋಪಿನ ನಿಯಮದ ಪ್ರಕಾರ ಹಸಿಯಾಗಿ ಬಡಿಸುವ ಮೀನನ್ನು ಮೊದಲು ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಡಬೇಕು. ಒಳಗಿರುವ ಹುಳು ಸಾಯಲಿ ಅಂತ. ಹಾಗಾಗಿ ಬಂದರಿನಲ್ಲಿ ನೋಡಿ, ಹೊಟ್ಟೆ ತುಂಬ ತಿನ್ನುವುದನ್ನು ಒಳ್ಳೆಯ ರೆಸ್ಟೋರೆಂಟಿಗೆ ಬಿಡಿ. ಮಸೆಲ್ ಎಂಬ ಕಪ್ಪು ಚಿಪ್ಪಿನ ಜೀವಿಯನ್ನು ಹಸಿಯಾಗಿ ಮಾತ್ರ ಬೇಡವೇ ಬೇಡ. 1973ರಲ್ಲಿ ನೇಪಲ್ಸ್, ಬಾರಿಗಳಲ್ಲಿ ಕಾಲರಾ ಹರಡಿದಾಗ ಎಲ್ಲರ ಗುಮಾನಿ ಹೋಗಿದ್ದು ಅದರ ಮೇಲೆಯೇ. ಮಸೆಲ್ ತಿನ್ನಬೇಕೆಂದರೆ ತಿಯೆಲ್ಲಾ ತಗೊಳ್ಳಿ. ಅಕ್ಕಿ, ಆಲೂಗಡ್ಡೆ, ಮಸೆಲ್ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸುತ್ತಾರೆ. ಚಿಪ್ಪಿನ ನೀರನ್ನೆಲ್ಲ ಅಕ್ಕಿ ಹೀರಿಕೊಂಡಿರುತ್ತದೆ. ಅನ್ನದ ರುಚಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಂದರಿನಿಂದ ನಡೆದುಕೊಂಡೇ ಹಳೇ ಊರಿನ ಆರ್ಕೋ ಬಾಸ್ಸೋ ಬೀದಿಗೆ ಬನ್ನಿ. ಹೆಂಗಸರು ಮನೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಓರೆಕಿಯೆತ್ತೆ ಪಾಸ್ತಾ ಮಾಡುತ್ತಿರುತ್ತಾರೆ. ಗಟ್ಟಿ ಗೋಧಿಯ ರವೆ, ನೀರು, ಅಷ್ಟೇ. ಮೊಟ್ಟೆ ಇಲ್ಲ. ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಚಿಕ್ಕ ತುಂಡು ಕತ್ತರಿಸಿ, ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಆಯಿತು. ನೋಡಲು ಸುಲಭ. ನನ್ನ ಸಹೋದ್ಯೋಗಿ ಅಲ್ಲಿದ್ದ ಅಜ್ಜಿಯೊಬ್ಬರ ಹೆಬ್ಬೆರಳನ್ನೇ ನೋಡುತ್ತ ತುಂಬ ಹೊತ್ತು ನಿಂತಿದ್ದರು.

ಆ ಪಾಸ್ತಾವನ್ನು ಚೀಮೆ ದಿ ರಾಪಾ ಎಂಬ ಸೊಪ್ಪಿನ ಜೊತೆಗೇ ತಿನ್ನಬೇಕು. ಸೊಪ್ಪು ಬೆಂದ ನೀರಿನಲ್ಲೇ ಪಾಸ್ತಾ ಬೇಯುತ್ತದೆ. ಎಣ್ಣೆಯಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ, ಆಂಚೊವಿ ಮೀನು ಕರಗುತ್ತವೆ, ಮೇಲೆ ಹುರಿದ ಬ್ರೆಡ್ಡಿನ ಪುಡಿ. ಜಪಾನಿನಲ್ಲಿ ಚಳಿ ಮುಗಿಯುವ ಹೊತ್ತಿಗೆ ಬರುವ ನಾನೊಹಾನಾ ಸೊಪ್ಪೂ ಇದೇ ಬಳಗದ್ದು. ಅಲ್ಲಿಯವರು ಅದನ್ನು ಬೇಯಿಸಿ ಸಾಸಿವೆ, ಸೋಯಾ ಹಾಕಿ ಕಲಸುತ್ತಾರೆ. ಅದೇ ಕಹಿ, ಅದೇ ಮೊಗ್ಗು. ನನ್ನ ಸಹೋದ್ಯೋಗಿ ಮೊದಲ ತುತ್ತಿಗೇ ಗುರುತು ಹಿಡಿದರು. ಇಡೀ ಪ್ರವಾಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಊಟ ಅದು.

ಮೂರನೇ ದಿನ ನೇಪಲ್ಸ್ ಕಡೆಯ ಸಲೆರ್ನೋ ಊರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಚೆತಾರಾ. ಅಮಾಲ್ಫಿ ತೀರದ ಪುಟ್ಟ ಊರು. ಪ್ರವಾಸಿಗರು ಇದನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತಾರೆ, ಬೇಜಾರಿನ ವಿಷಯ. ಆಂಚೊವಿಯನ್ನು ಉಪ್ಪಿನ ಜೊತೆ ಚೆಸ್ಟ್‌ನಟ್ ಮರದ ಪೀಪಾಯಿಯಲ್ಲಿ ತುಂಬಿ, ಮೇಲೆ ಭಾರ ಹೇರಿ, ತಿಂಗಳುಗಟ್ಟಲೆ ಇಟ್ಟು ತೆಗೆಯುವ ರಸ ಕೊಲತೂರಾ. ಜೇನಿನ ಬಣ್ಣ, ಕಡುವಾದ ವಾಸನೆ. 2020ರಲ್ಲಿ ಇದಕ್ಕೆ ಯುರೋಪಿನ ಡಿಓಪಿ, ಅಂದರೆ ಹುಟ್ಟಿದ ಊರಿನ ಹೆಸರಿಗೆ ರಕ್ಷಣೆ ಕೊಡುವ ಮಾನ್ಯತೆ, ಸಿಕ್ಕಿದೆ. ಜಪಾನಿನ ಅಕಿತಾದಲ್ಲಿ ಶೊತ್ಸುರು, ನೋತೋದಲ್ಲಿ ಇಶಿರು ಅಂತ ಮೀನಿನ ಸಾಸ್‌ಗಳಿವೆ, ಅಲ್ವಾ? ಅಲ್ಲಿ ಅವು ಕುದಿಯುವ ಸಾರಿಗೆ ಬೀಳುತ್ತವೆ. ಕೊಲತೂರಾವನ್ನು ಒಲೆ ಮೇಲೆ ಇಡುವುದೇ ಇಲ್ಲ. ಉಪ್ಪಿಲ್ಲದ ನೀರಿನಲ್ಲಿ ಸ್ಪಗೆಟ್ಟಿ ಬೇಯಿಸಿ, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಈ ರಸ ಹಾಕಿ ಕಲಸಿಬಿಡುತ್ತಾರೆ. ಊರಿಗೆ ಒಯ್ಯಲು ಒಂದು ಬಾಟಲಿ ಕೊಡಿಸಿ, ಚೆಕ್-ಇನ್ ಬ್ಯಾಗಿನಲ್ಲೇ ಇಡಿಸಿ.

ಬಾರಿಯಲ್ಲಿರುವಾಗಲೇ ಆಂದ್ರಿಯಾದ ಬುರ್ರಾತಾ ಚೀಸನ್ನೂ, ಅಲ್ತಮೂರಾದ ದಪ್ಪ ಸಿಪ್ಪೆಯ ಬ್ರೆಡ್ಡನ್ನೂ ತಿನ್ನಿಸಿ. ಬುರ್ರಾತಾ ಅವತ್ತು ಮಾಡಿದ್ದು ಅವತ್ತೇ ಮುಗಿಯಬೇಕು.

ಇನ್ನೊಂದು ವಿಷಯ. ಪೂಲ್ಯಾ ಕಡೆ ಊಟಕ್ಕೆ ಮುಂಚೆ ಬರುವ ತಿಂಡಿಗಳಿಗೆ ಕೊನೆಯೇ ಇರುವುದಿಲ್ಲ. ತಟ್ಟೆಯಲ್ಲಿ ಬಿಟ್ಟರೆ ಬೇಜಾರಾದೀತು ಅಂತ ನಿಮ್ಮ ಅತಿಥಿ ಸುಮ್ನೆ ಎಲ್ಲ ಮುಗಿಸಲು ನೋಡಬಹುದು. ಇಬ್ಬರಿಗೆ ಒಂದೇ ಸೆಟ್ ಸಾಕು ಅಂತ ಮೊದಲೇ ಹೇಳಿ. ರಾತ್ರಿ ಎಂಟಕ್ಕೆ ಮುಂಚೆ ಅಡುಗೆಮನೆ ತೆರೆಯುವ ಜಾಗ ಕಡಿಮೆ. ಅವರಿಗೆ ಬೇಗ ಊಟ ಮಾಡುವ ಅಭ್ಯಾಸವಿದ್ದರೆ ಸಂಜೆ ಬೇಕರಿಯಿಂದ ಒಂದು ತುಂಡು ಫೊಕಾಚ್ಚಾ (ಚಪ್ಪಟೆ ಬ್ರೆಡ್) ಕೊಡಿಸಿ. ಆಗುವುದಾದರೆ ಮಾರ್ಚ್ ಮೊದಲ ವಾರದಲ್ಲೇ ಬರಲು ಹೇಳಿ, ಏಪ್ರಿಲ್‌ಗೆ ಮುಂದೂಡಿದರೆ ಚೀಮೆ ದಿ ರಾಪಾ ಸೊಪ್ಪು ಸಿಗುವುದು ಕಷ್ಟ.