ಆ 8.3 ಜೂಲ್ ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ಮೊದಲ ಪಿಯುಸಿ ವಿದ್ಯಾರ್ಥಿನಿ. ನೀರಿಗೆ ಒಂದೇ ವಿಶಿಷ್ಟೋಷ್ಣ (ನಿಗದಿತ ಪ್ರಮಾಣವನ್ನು 1 ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ), ಅನಿಲಕ್ಕೆ ಮಾತ್ರ ಒತ್ತಡ ಬದಲಾಗದಿದ್ದಾಗ ಸಿಪಿ, ಗಾತ್ರ ಬದಲಾಗದಿದ್ದಾಗ ಸಿವಿ ಅಂತ ಎರಡು. ಸಿಪಿಯಲ್ಲಿ ಸಿವಿ ಕಳೆದರೆ ಆರ್, ಅಂದರೆ ಅನಿಲ ಸ್ಥಿರಾಂಕ ಎಂದು ಬಾಯಿಪಾಠ ಮಾಡಿದ್ದೇನೆ. ಆ ಆರ್ ಎಲ್ಲಿಂದ ಬಂತು ಸರ್?

ಉತ್ತರ: ಸೂತ್ರ ಸ್ವಲ್ಪ ಪಕ್ಕಕ್ಕಿಡಿ. ಪಿಸ್ಟನ್ ಇರುವ ಸಿಲಿಂಡರಿನಲ್ಲಿ 1 ಮೋಲ್, ಅಂದರೆ 28 ಗ್ರಾಂ ನೈಟ್ರೋಜನ್ ಇದೆ ಅಂದುಕೊಳ್ಳಿ. ಉಷ್ಣತೆ 27 ಡಿಗ್ರಿ ಸೆಲ್ಸಿಯಸ್, ಕೆಲ್ವಿನ್‌ನಲ್ಲಿ 300. ಒತ್ತಡ ಹೊರಗಿನ ಗಾಳಿಯಷ್ಟೇ. ಅದಕ್ಕೆ ಸುಮಾರು 25 ಲೀಟರ್ ಜಾಗ ಬೇಕು. ಮನೆಗೆ ತರಿಸುವ ನೀರಿನ ಕ್ಯಾನಿಗಿಂತ ಸ್ವಲ್ಪ ಜಾಸ್ತಿ.

ಮೊದಲು ಪಿಸ್ಟನ್ ಅಲ್ಲಾಡದಂತೆ ಬಿಗಿದು ಬಿಸಿ ಮಾಡಿ. 1 ಡಿಗ್ರಿ ಏರಿಸಲು 20.8 ಜೂಲ್ ಸಾಕು. ಕೊಟ್ಟಿದ್ದೆಲ್ಲ ಅಣುಗಳ ಓಡಾಟಕ್ಕೆ, ಗಿರಕಿಗೆ ಹೋಯಿತು. ಇದು ಸಿವಿ.

ಈಗ ಪಿಸ್ಟನ್ ಸಡಿಲ ಬಿಡಿ. 1 ಡಿಗ್ರಿಗೆ ಅನಿಲ 300ರಲ್ಲಿ ಒಂದು ಪಾಲು ಹಿಗ್ಗುತ್ತದೆ. 25 ಲೀಟರಿಗೆ 83 ಮಿಲಿಲೀಟರ್, ಹೋಟೆಲಿನ ಬೈಟು ಕಾಫಿಯಷ್ಟು. ಆದರೆ ಆ ಜಾಗ ಸುಮ್ನೆ ಸಿಗುವುದಿಲ್ಲ ಅಲ್ವಾ? ಹೊರಗಿನ ಗಾಳಿ ಚದರ ಮೀಟರಿಗೆ ಸುಮಾರು 1 ಲಕ್ಷ ನ್ಯೂಟನ್ ಬಲದಿಂದ ಅದುಮುತ್ತಿದೆ. ಅದನ್ನು ಹಿಂದಕ್ಕೆ ತಳ್ಳಬೇಕು. 83 ಮಿಲಿಲೀಟರ್ ಅಂದರೆ 0.000083 ಘನ ಮೀಟರ್. 1 ಲಕ್ಷದಿಂದ ಗುಣಿಸಿ. 8.3 ಜೂಲ್! ಇದೇ ನಿಮ್ಮ ಆರ್. ಸಿಪಿ 29.1 ಆಗುವುದು ಹೀಗೆ.

ನಿಜ ಹೇಳಬೇಕೆಂದರೆ ನೀರಿಗೂ ಎರಡಿವೆ. ಇದೇ ಉಷ್ಣತೆಯಲ್ಲಿ ಅವುಗಳ ನಡುವೆ ಶೇ 1ರಷ್ಟು ವ್ಯತ್ಯಾಸ. ಪಠ್ಯಪುಸ್ತಕ ಅದರ ಗೋಜಿಗೆ ಹೋಗುವುದಿಲ್ಲ. ನೀರನ್ನು ಹಿಗ್ಗಲು ಬಿಡದೆ ಬಿಸಿ ಮಾಡುವುದೂ ಕಷ್ಟವೇ. ಪ್ರತಿ ಡಿಗ್ರಿಗೆ ವಾತಾವರಣದ ಸುಮಾರು ಆರು ಪಟ್ಟು ಒತ್ತಡ ಏರುತ್ತದೆ.

ಈ ಲೆಕ್ಕವನ್ನು ತಿರುವಿ ಹಾಕಿದವರು ಜರ್ಮನಿಯ ಜೂಲಿಯಸ್ ರಾಬರ್ಟ್ ಮೇಯರ್. ವೃತ್ತಿಯಲ್ಲಿ ವೈದ್ಯರು! ಎಷ್ಟು ಶಾಖಕ್ಕೆ ಎಷ್ಟು ಕೆಲಸ ಸಮ ಎಂಬುದನ್ನು ಗಾಳಿಯ ಎರಡು ವಿಶಿಷ್ಟೋಷ್ಣಗಳಿಂದಲೇ 1842ರಲ್ಲಿ ಹೊರತೆಗೆದರು. ನೀರನ್ನು 1 ಡಿಗ್ರಿ ಬಿಸಿ ಮಾಡುವ ಶಾಖ, ಅಷ್ಟೇ ತೂಕದ ವಸ್ತು 365 ಮೀಟರ್ ಎತ್ತರದಿಂದ ಬಿದ್ದಂತೆ ಅಂದರು. ಈಗಿನ ಲೆಕ್ಕ 427 ಮೀಟರ್. ದಾರಿ ಸರಿಯಾಗಿತ್ತು, ಆಗಿನ ಅಳತೆಗಳು ಒರಟಾಗಿದ್ದವು.

ಪರೀಕ್ಷೆಗೆ ಒಂದು ಮಾತು. ವಿಶಿಷ್ಟೋಷ್ಣವನ್ನು ಕಿಲೋಗ್ರಾಂ ಲೆಕ್ಕದಲ್ಲಿ ಕೊಟ್ಟಿದ್ದರೆ 8.3 ಹಾಕಬೇಡಿ. 8.314ನ್ನು 1 ಮೋಲಿನ ತೂಕದಿಂದ ಭಾಗಿಸಿ. ನೈಟ್ರೋಜನ್‌ಗೆ ಅದು 0.028 ಕಿಲೋಗ್ರಾಂ, ಉತ್ತರ 297 ಜೂಲ್. ಪೇಪರ್ ತಿದ್ದುವಾಗ ನಾನು ಜಾಸ್ತಿ ಕೆಂಪು ಗೆರೆ ಎಳೆದಿರುವುದು ಇಲ್ಲೇ.