ಸಂಪಾದಕರ ಉತ್ತರ: ನೋಡಿದವರು ಯಾರೂ ಇರಲಿಲ್ಲ

ಹಾಸನದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರಿಗೆ ಎರಡು ಪುಟ ಕೊಟ್ಟಿದ್ದೀರಿ. ಅವರಿಗೆ ಸಿಕ್ಕಿದ್ದು ಒಂದು ಮಹಾವೀರ ಚಕ್ರ, ಅದೂ ತೀರಿಕೊಂಡು 23 ವರ್ಷದ ಮೇಲೆ. ಎದೆ ತುಂಬ ಪದಕ ಧರಿಸಿ ಏರ್ ಮಾರ್ಷಲ್ ಆಗಿ ನಿವೃತ್ತರಾದ ಕನ್ನಡಿಗರಿದ್ದಾರೆ, ಅವರ ಬಗ್ಗೆ ಯಾಕಿಲ್ಲ? ಸರ್ಕಾರ ಅಷ್ಟು ವರ್ಷ ಸುಮ್ಮನಿತ್ತು ಅಂದರೆ ಏನೋ ಅನುಮಾನ ಇದ್ದಿರಬೇಕಲ್ಲವೇ? ವಿ.ಸೂ: ನಮ್ಮ ಸೋದರಮಾವ ಜಾಲಹಳ್ಳಿಯಲ್ಲಿ ಏರ್‌ಮನ್ ಆಗಿದ್ದರು. ಅವರ ಟ್ರಂಕಿನಲ್ಲಿ ಎರಡು ಪದಕಗಳಿವೆ, ಯಾವುದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ."

ಉತ್ತರ:

ನಿಮ್ಮ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತಿದ್ದೇನೆ. ನಮ್ಮ ಮೇಜಿನ ಮೇಲೆ ಪತ್ರಗಳು ಉಪ್ಪಿನಕಾಯಿ ಹಾಗೆ ತಿಂಗಳುಗಟ್ಟಲೆ ಕೂರುವುದು ರೂಢಿ. ಹಾಗಾಗಿ ಇದನ್ನು ಮರ್ಯಾದೆ ಅಂತಲೇ ತಿಳಿಯಿರಿ.

ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲ ಅನ್ನುವುದಿಲ್ಲ. ಏರ್ ಮಾರ್ಷಲ್ ಮಟ್ಟಕ್ಕೆ ಯಾರೂ ಸುಮ್ನೆ ಏರುವುದಿಲ್ಲ. ಪರಮ ವಿಶಿಷ್ಟ ಸೇವಾ ಪದಕ, ಅತಿ ವಿಶಿಷ್ಟ ಸೇವಾ ಪದಕ ಪುಕ್ಕಟೆ ಬರುವುದಿಲ್ಲ. ಒಪ್ಪಿದೆ.

ಆದರೆ "ಒಂದು" ಅಂತ ಬೆರಳು ಮಡಚಿದಿರಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರ ಬಿಟ್ಟರೆ ಮಹಾವೀರ ಚಕ್ರವೇ ದೊಡ್ಡದು. ನಮ್ಮ ಇಡೀ ವಾಯುಪಡೆಯಲ್ಲಿ ಪರಮವೀರ ಚಕ್ರ ಸಿಕ್ಕಿರುವುದೇ ಒಬ್ಬರಿಗೆ, 1971ರಲ್ಲಿ ಶ್ರೀನಗರದ ಮೇಲೆ ಹೋರಾಡಿ ಮಡಿದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರಿಗೆ. ಸೇವಾ ಪದಕಗಳನ್ನು ಇದರ ಪಕ್ಕ ಇಟ್ಟು ಎಣಿಸುವುದು, ಮದುವೆ ಮನೆಯ ಮುಯ್ಯಿ ಲೆಕ್ಕ ಹಾಕಿದ ಹಾಗೆ.

ಇನ್ನು ನಿಮ್ಮ "ಅನುಮಾನ". 1965ರ ಸೆಪ್ಟೆಂಬರ್ 7ರ ಬೆಳಗನ್ನು ಸ್ವಲ್ಪ ಕಣ್ಣೆದುರು ತಂದುಕೊಳ್ಳಿ. ಪಂಜಾಬಿನ ಆದಂಪುರದಿಂದ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ಯುದ್ಧವಿಮಾನಗಳು ನಸುಕಿನಲ್ಲೇ ಹೊರಟವು. ಗುರಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ. ಹೋಗಿ ಬರುವಷ್ಟು ಮಾತ್ರ ಇಂಧನ, ಮಧ್ಯೆ ಕಾದಾಡುತ್ತಾ ನಿಂತರೆ ಮನೆ ಸೇರುವ ಹಾಗಿಲ್ಲ. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಆ ಹೊತ್ತಿಗೆ ಹುಡುಗರಿಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ಮೇಷ್ಟ್ರು. ಯುದ್ಧ ಬಂತು ಅಂತ ಈ ಸ್ಕ್ವಾಡ್ರನ್ನಿಗೆ ಬಂದಿದ್ದರು. ಅವತ್ತು ಅವರು ಸ್ಟ್ಯಾಂಡ್‌ಬೈ. ಯಾರಾದರೂ ಹಿಂದುಳಿದರೆ ಮಾತ್ರ ಹೋಗಬೇಕಾದವರು. ಹೋದರು. ವಯಸ್ಸು 32.

ವಾಪಸ್ ಬರುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ವಿಮಾನ ಎದುರಾಯಿತು. ಅಮೆರಿಕದ ಹೊಚ್ಚ ಹೊಸ ಯಂತ್ರ, ಶಬ್ದದ ಎರಡು ಪಟ್ಟು ವೇಗ, ರೆಕ್ಕೆಯಡಿ ಕ್ಷಿಪಣಿ. ಮಿಸ್ಟೇರ್ ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಅದರಲ್ಲಿ ಇದ್ದಿದ್ದು ಎರಡು ಫಿರಂಗಿ. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು. ಇದರ ಕಥೆ ಮುಗಿಯಿತು ಅಂದುಕೊಂಡು ಅಮ್ಜದ್ ಬೇರೆಯವರ ಬೆನ್ನು ಹತ್ತಿದರು. ಏಟು ತಿಂದ ಮಿಸ್ಟೇರ್ ತಿರುಗಿ ಬಂತು! ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಬರಲಿಲ್ಲ.

ನೋಡಿದವರು ಯಾರು? ನಮ್ಮ ಕಡೆಯವರು ಯಾರೂ ಇಲ್ಲ. ಉಳಿದವರೆಲ್ಲ ಮರದ ತುದಿ ಸವರಿಕೊಂಡು ಗಡಿಯತ್ತ ಓಡುತ್ತಿದ್ದರು. ಕಡತದಲ್ಲಿ 'ನಾಪತ್ತೆ' ಅಂತ ಸೇರಿತು. ದೇವಯ್ಯನವರ ಮನೆಗೂ ಅಷ್ಟೇ ಗೊತ್ತಾಯಿತು. ನೀವು ಕೇಳುವ 23 ವರ್ಷದ ಮೌನ ಇದೇ ಸ್ವಾಮಿ. ಬರೆಯುವ ಕಣ್ಣು ಅಲ್ಲಿರಲಿಲ್ಲ.

ಕೊನೆಗೆ ಬರೆದವರು ಯಾರು ಗೊತ್ತಾ? ಜಾನ್ ಫ್ರಿಕರ್ ಅನ್ನುವ ಬ್ರಿಟಿಷ್ ಲೇಖಕ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದಲೇ ಆ ಯುದ್ಧದ ಮೇಲೆ ಪುಸ್ತಕ ಬರೆದು 1979ರಲ್ಲಿ ತಂದರು. ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರ್ ಏಟಿಗೆ ಅನ್ನುವುದು ಅಲ್ಲಿತ್ತು. ನಿವೃತ್ತರಾಗಿದ್ದ ತನೇಜಾ ಅದನ್ನು ಹಿಡಿದುಕೊಂಡು ದೆಹಲಿಗೆ ಬರೆದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು, ಪತ್ನಿ ಸುಂದರಿ ದೇವಯ್ಯ ಸ್ವೀಕರಿಸಿದರು. ಶತ್ರುವಿನ ಮನೆಯ ಕಾಗದ ನಮ್ಮವನ ಪರವಾಗಿ ಸಾಕ್ಷಿ ಹೇಳಬೇಕಾಯಿತು. ಇದಕ್ಕಿಂತ ಪಕ್ಕಾ ಸಾಕ್ಷಿ ಇನ್ನೆಲ್ಲಿ ತರೋಣ?

ನನಗೆ ಉರಿಯುವುದು ಇಲ್ಲೇ. ಬರೆದಿಡುವುದರಲ್ಲಿ ನಾವು ಹೀಗೆ ಸೋಮಾರಿಗಳಾಗಿರಲಿಲ್ಲ. ಊರಿನ ದನ ಉಳಿಸಲು ಹೋಗಿ ಸತ್ತ ಯಾರೋ ಒಬ್ಬ ಗೌಡನಿಗೂ ವೀರಗಲ್ಲು ನೆಡುತ್ತಿದ್ದ ಜನ ನಾವು. ಕೆಳಗೆ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಬೆಂಗಳೂರು ಅನ್ನುವ ಹೆಸರು ಮೊದಲು ಸಿಗುವುದೂ ಬೇಗೂರಿನ ದೇವಸ್ಥಾನದಲ್ಲಿರುವ ಅಂಥದ್ದೇ ಒಂದು ಕಲ್ಲಿನಲ್ಲಿ, ಬೆಂಗಳೂರು ಕಾಳಗದಲ್ಲಿ ಸತ್ತವನ ನೆನಪಿಗೆ. ಈಗ? ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡಿರುವ ಊರುಗಳನ್ನು ನಾನೇ ನೋಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಗುಡ್ಡೆಯಲ್ಲಿ ನನಗೊಂದು ಪೈಲಟ್ ಲಾಗ್‌ಬುಕ್ ಸಿಕ್ಕಿತು. ನೀಲಿ ರಟ್ಟು, ಗೆದ್ದಲು ಅಂಚು ತಿಂದಿತ್ತು. ತಾರೀಖು, ವಿಮಾನದ ನಂಬರು, ಎಷ್ಟು ನಿಮಿಷ, ಎಲ್ಲಿಂದ ಎಲ್ಲಿಗೆ. ರಾತ್ರಿ ಹಾರಿದ್ದು ಕೆಂಪು ಶಾಯಿಯಲ್ಲಿ. ಒಂದು ಸಾಲಿನ ಮುಂದೆ ಪೆನ್ಸಿಲ್ಲಿನಲ್ಲಿ "ಅಮ್ಮನಿಗೆ ಹೇಳಬಾರದು" ಅಂತ ಕನ್ನಡದಲ್ಲಿ ಬರೆದಿತ್ತು. ಹೆಸರಿದ್ದ ಮೊದಲ ಪುಟ ಹರಿದುಹೋಗಿತ್ತು. ಮೂವತ್ತು ರೂಪಾಯಿ ಕೊಟ್ಟೆ. ಯಾರ ಮನೆಯದೋ, ಇವತ್ತಿಗೂ ಗೊತ್ತಾಗಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಪತ್ರದಲ್ಲಿ "ಅಜ್ಜಮಾದ" ಅಂತಿತ್ತು, ತಿದ್ದಿ ಅಚ್ಚು ಹಾಕಿದ್ದೇವೆ. ಇಂಗ್ಲಿಷ್ ಕಾಗದ ನೋಡಿ ಕೊಡವರ ಮನೆಹೆಸರು ಬರೆದರೆ ಹೀಗೇ ಆಗುವುದು. ನಮ್ಮ ಪತ್ರಿಕೆಯೂ ಒಮ್ಮೆ ಇದೇ ತಪ್ಪು ಮಾಡಿ ಕೊಡಗಿನಿಂದ ಜಾಸ್ತಿ ಬೈಸಿಕೊಂಡಿದೆ. ಗಡಿಯಾಚೆಯ ಹಳ್ಳಿಯ ರೈತರು ತಮ್ಮ ಹೊಲದಲ್ಲಿ ಸಿಕ್ಕ ದೇವಯ್ಯನವರ ದೇಹವನ್ನು ಮಣ್ಣು ಮಾಡಿದರಂತೆ. ಹೆಸರನ್ನಾದರೂ ನಾವು ಸರಿಯಾಗಿ ಬರೆಯೋಣ ಅಲ್ವಾ?

ನಿಮ್ಮ ಮಾವನವರ ಪದಕಗಳ ವಿಷಯ. ರಿಬ್ಬನ್ ಮಾಸಿದ್ದರೂ ಚಿಂತೆಯಿಲ್ಲ. ಮೊದಲು ಪಾಲಿಶ್ ಹಾಕಿ ತಿಕ್ಕಬೇಡಿ. ಬಿಸಿಲಿಗೆ ಹಿಡಿದು ದುಂಡಗಿನ ಅಂಚನ್ನು ನಿಧಾನವಾಗಿ ತಿರುಗಿಸಿ. ಸಣ್ಣ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು ಕೊರೆದಿರುತ್ತದೆ. ಅವರು 1965ರಲ್ಲಿ ಸೇವೆಯಲ್ಲಿದ್ದರೆ ಒಂದು ರಕ್ಷಾ ಪದಕ ಇರಬಹುದು. ಓದಿ ನನಗೆ ಬರೆಯಿರಿ, ಟ್ರಂಕಿನಲ್ಲಿ ಕಾಗದಗಳಿದ್ದರೆ ಅದನ್ನೂ ಹೇಳಿ. ಯಾವ ಭಾನುವಾರ ಬರಲಿ?