ದೂರದಲ್ಲಿ ಕುಳಿತು ಅಮ್ಮನಿಗೆ ಶಸ್ತ್ರವೈದ್ಯರನ್ನು ಆರಿಸುವುದು

ಈ ದೇಶಕ್ಕೆ ಬಂದು ವರ್ಷ ತುಂಬುವ ಮೊದಲೇ ಇಂಥ ಪ್ರಶ್ನೆ ಕೇಳಬೇಕಾಗಿ ಬಂದಿರುವ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಎಪ್ಪತ್ತು ದಾಟಿದ ತಾಯಿಯವರ ಸೊಂಟದ ಕೀಲು ಪೂರ್ತಿ ಸವೆದಿದೆ, ಬದಲಿಸಲೇಬೇಕು ಎಂದು ಊರಿನಲ್ಲಿ ಹೇಳಿದ್ದಾರೆ. ಬಂಧುಗಳು ಮೂವರು ವೈದ್ಯರ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಯಾರನ್ನು ಆರಿಸಬೇಕು, ಇಲ್ಲಿಗೇ ಕರೆಸಿಕೊಂಡು ಮಾಡಿಸುವುದು ಮೇಲೇ, ರೋಬೋಟ್ ಇರುವ ಆಸ್ಪತ್ರೆಯನ್ನೇ ಹುಡುಕಬೇಕೇ ಎಂದು ಕೇಳಿದ್ದೀರಿ. ನಾನು ಹೊಸದಾಗಿ ಬಂದಾಗ, ಫೋನ್ ಕಾರ್ಡಿನ ಬೆಳ್ಳಿ ಬಣ್ಣ ಕೆರೆದು ಉದ್ದನೆಯ ಸಂಖ್ಯೆ ಒತ್ತಿ ಊರಿಗೆ ಮಾತನಾಡುತ್ತಿದ್ದ ಕಾಲದಲ್ಲಿ, ನನ್ನ ತಂದೆಯವರಿಗೂ ಇದೇ ಕೀಲು ಕೈಕೊಟ್ಟಿತು. ಆದ್ದರಿಂದ ತಿಳಿದಷ್ಟನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ ಎಂಬುದು ನಿಮ್ಮ ಗಮನದಲ್ಲಿರಲಿ.

ಇಲ್ಲಿಗೆ ಕರೆಸಿಕೊಳ್ಳುವ ಯೋಚನೆಯನ್ನು ಬಿಟ್ಟುಬಿಡಿ. ಪ್ರವಾಸಿ ವಿಮೆ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವಿರುವುದರಿಂದ ದೀರ್ಘ ವಿಮಾನ ಪ್ರಯಾಣವನ್ನು ಸುಮಾರು ಮೂರು ತಿಂಗಳು ಮುಂದೂಡಲು ಹೇಳುತ್ತಾರೆ. ಅಷ್ಟು ಕಾಲ ನೀವು ಕೆಲಸಕ್ಕೆ ಹೋದ ಮನೆಯಲ್ಲಿ, ಭಾಷೆ ಬಾರದ ಬೀದಿಯಲ್ಲಿ, ವಾಕರ್ ಹಿಡಿದ ತಾಯಿ ಹಗಲೆಲ್ಲ ಒಬ್ಬರೇ ಇರಬೇಕಾಗುತ್ತದೆ. ರೋಬೋಟಿನ ವಿಷಯದಲ್ಲಿ ಹೇಳುವುದು ಇನ್ನೂ ಕಡಿಮೆ: ಬಟ್ಟಲನ್ನು, ಅಂದರೆ ತೊಡೆಮೂಳೆಯ ಗುಂಡು ತಿರುಗುವ ಕೃತಕ ಗುಳಿಯನ್ನು, ನಿಗದಿಯಾದ ಕೋನದಲ್ಲಿ ಕೂರಿಸಲು ಅದು ನೆರವಾಗುತ್ತದೆ, ಆದರೆ ಅದರಿಂದ ಕೀಲು ಹೆಚ್ಚು ವರ್ಷ ಬಾಳುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಅದನ್ನು ನೋಡಿ ಆಸ್ಪತ್ರೆಯನ್ನು ಆರಿಸಬೇಡಿ.

ಯಾರಿಂದ ಮಾಡಿಸಬೇಕು ಎಂಬ ಪ್ರಶ್ನೆಗೆ ಮೊದಲು, ನೋವು ನಿಜವಾಗಿ ಸೊಂಟದ ಕೀಲಿನದೇ ಎಂದು ಖಚಿತವಾಗಬೇಕು. ಸೊಂಟದ ಕೀಲು ಸವೆದವರಿಗೆ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ, ಎಷ್ಟೋ ಸಲ ತೊಡೆಯ ಮುಂಭಾಗದಲ್ಲಿ ಇಳಿದು ಮಂಡಿಯಲ್ಲೇ ನಿಲ್ಲುತ್ತದೆ. ನಾವು ಸೊಂಟನೋವು ಎಂದು ಕರೆಯುವುದು ಹೆಚ್ಚಾಗಿ ಬೆನ್ನುಮೂಳೆಯ ಕೆಳತುದಿಯ ನೋವನ್ನು. ನನ್ನ ತಂದೆಯವರು ಮಂಡಿಯನ್ನು ತೋರಿಸಿದರು, ಮೊದಲು ನೋಡಿದ ವೈದ್ಯರು ಮಂಡಿಯ ಎಕ್ಸ್‌ರೇ ತೆಗೆಸಿದರು, ವಯಸ್ಸಿಗೆ ತಕ್ಕಷ್ಟು ಸವೆತ ಅದರಲ್ಲಿ ಕಂಡೇ ಕಂಡಿತು, ಮಾತ್ರೆ ಮತ್ತು ಮುಲಾಮಿನಲ್ಲಿ ಒಂದು ಮಳೆಗಾಲ ಕಳೆಯಿತು. ಎರಡನೆಯ ವೈದ್ಯರು ಫಿಲ್ಮನ್ನು ಬದಿಗಿಟ್ಟು ಮೊದಲು ಅವರನ್ನು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಸಿದರು. ಮಲಗಿಸಿ, ಮಂಡಿಯನ್ನು ಮಡಿಸಿ, ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ತೊಡೆ ಹಾಗೆ ಒಳಕ್ಕೆ ತಿರುಗಿದ ಕ್ಷಣವೇ ತಂದೆಯವರ ಮುಖ ಕಿವುಚಿಕೊಂಡಿತಂತೆ. ಅಷ್ಟರಲ್ಲೇ ಕಾಯಿಲೆ ಎಲ್ಲಿದೆಯೆಂದು ಗೊತ್ತಾಯಿತು. ನಿಮ್ಮ ತಾಯಿಯವರ ಜೊತೆ ಹೋಗುವವರಿಗೆ ಹೇಳಿ: ನಡೆಸಿ ನೋಡಿದರೇ, ಎರಡೂ ಕಾಲುಗಳ ಉದ್ದ ಅಳೆದರೇ, ಬೆನ್ನನ್ನು ಪರೀಕ್ಷಿಸಿದರೇ, ಇವನ್ನು ಗಮನಿಸಲಿ. ಬೆನ್ನಿನ ವಿಷಯ ಸಣ್ಣದಲ್ಲ, ಏಕೆಂದರೆ ಬೆನ್ನುಮೂಳೆ ಬಿಗಿದುಕೊಂಡಿರುವವರಲ್ಲಿ ಅಥವಾ ಹಿಂದೆ ಅದಕ್ಕೆ ತಿರುಪು ಹಾಕಿಸಿಕೊಂಡವರಲ್ಲಿ ಬದಲಿ ಕೀಲು ತಪ್ಪುವ ಸಂಭವ ಹೆಚ್ಚು. ಅದನ್ನು ಮೊದಲೇ ತಿಳಿದ ವೈದ್ಯರು ಬಟ್ಟಲಿನ ಕೋನವನ್ನೂ ಕೆಲವೊಮ್ಮೆ ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಕೃತಕ ಕೀಲಿನ, ಬಗೆಯನ್ನೂ ಬದಲಾಯಿಸುತ್ತಾರೆ.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಬರೆಯುತ್ತಿರುವುದೆಲ್ಲ ಸವೆದ ಕೀಲಿನ ಮಾತು. ದೇವರು ಹಾಗೆ ಮಾಡದಿರಲಿ, ತಾಯಿಯವರು ಜಾರಿಬಿದ್ದು ಸೊಂಟದ ಮೂಳೆಯೇ ಮುರಿದರೆ ಆಗ ವೈದ್ಯರನ್ನು ಆರಿಸುತ್ತ ಕೂರುವ ಹೊತ್ತಲ್ಲ. ಅದೇ ದಿನ ಅಥವಾ ಮರುದಿನ ಶಸ್ತ್ರಚಿಕಿತ್ಸೆ ಮಾಡಬಲ್ಲ ಹತ್ತಿರದ ಒಳ್ಳೆಯ ಆಸ್ಪತ್ರೆಯೇ ಆಗ ಸರಿಯಾದ ಆಸ್ಪತ್ರೆ.

ವೈದ್ಯರ ಹೆಸರಿಗಿಂತ ಅವರ ಕೈಗೆ ಎಷ್ಟು ಅಭ್ಯಾಸವಿದೆ ಎಂಬುದು ಮುಖ್ಯ. ಕೆನಡಾದ ಒಂಟಾರಿಯೊ ಪ್ರಾಂತದ ರೋಗಿಗಳ ದಾಖಲೆಗಳನ್ನು ನೋಡಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವರ್ಷಕ್ಕೆ 35ಕ್ಕಿಂತ ಕಡಿಮೆ ಸೊಂಟದ ಕೀಲುಗಳನ್ನು ಬದಲಿಸುವ ವೈದ್ಯರ ರೋಗಿಗಳಲ್ಲಿ ಕೀಲು ತಪ್ಪುವುದೂ ಮತ್ತೆ ಆಪರೇಷನ್ ಮಾಡಬೇಕಾಗುವುದೂ ಹೆಚ್ಚು. ಆದ್ದರಿಂದ ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಕೇಳುವುದು ಅಗೌರವವಲ್ಲ. ಅಭ್ಯಾಸವುಳ್ಳವರು ಅದಕ್ಕೆ ಸಿಡುಕುವುದಿಲ್ಲ. ಆದರೆ ಒಂದು ಎಚ್ಚರಿಕೆ: ಮೂಳೆತಜ್ಞರು ಹೇಳುವ ಸಾವಿರಗಳಲ್ಲಿ ಮಂಡಿಯ ಪಾಲೇ ದೊಡ್ಡದಿರಬಹುದು. ಸೊಂಟದ್ದು ಎಷ್ಟು, ನಿಮ್ಮ ಕೈಯಿಂದಲೇ ಆದದ್ದು ಎಷ್ಟು ಎಂದು ಬಿಡಿಸಿ ಕೇಳಬೇಕು. ಕೀಲನ್ನು ಹಿಂದಿನಿಂದ ತೆರೆಯುತ್ತಾರೋ, ಪಕ್ಕದಿಂದಲೋ, ಮುಂದಿನಿಂದಲೋ ಎಂಬ ಚರ್ಚೆಯನ್ನು ನೀವು ಬಹಳ ಓದಿರುತ್ತೀರಿ. ಒಂದೊಂದಕ್ಕೂ ಅದರದೇ ಲಾಭ ಮತ್ತು ತೊಂದರೆಗಳಿವೆ. ಒಂದೆರಡು ವರ್ಷ ಕಳೆದ ಮೇಲೆ ಒಳ್ಳೆಯ ಕೈಯ ಫಲಿತಾಂಶಗಳಲ್ಲಿ ದೊಡ್ಡ ಅಂತರ ಉಳಿಯುವುದಿಲ್ಲ. ಅವರು ದಿನವೂ ಮಾಡುವ ಬಗೆಯಲ್ಲೇ ಮಾಡಲಿ. ನಿಮ್ಮ ಒತ್ತಾಯಕ್ಕೆ ಹೊಸ ಬಗೆಯನ್ನು ನಿಮ್ಮ ತಾಯಿಯವರ ಮೇಲೆ ಕಲಿಯುವುದು ಬೇಡ.

ಇಂಪ್ಲಾಂಟಿನ ಬಗ್ಗೆ ಕೇಳಬೇಕಾದದ್ದೂ ಇಷ್ಟೇ ನೇರವಾದದ್ದು: ಹಲವು ವರ್ಷಗಳ ದಾಖಲೆ ಇರುವ ಮಾದರಿಯೇ, ಅದರ ಹೆಸರು ಮತ್ತು ಸಂಖ್ಯೆಯ ಚೀಟಿಯನ್ನು ಬಿಡುಗಡೆಯ ದಿನ ಕೊಡುತ್ತೀರಾ? ಇಂಗ್ಲೆಂಡಿನ ಜಾನ್ ಚಾರ್ನ್ಲೀ 1960ರ ದಶಕದ ಆರಂಭದಲ್ಲಿ ಸಣ್ಣ ಲೋಹದ ಗುಂಡನ್ನು ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲಿನಲ್ಲಿ ಕೂರಿಸಿ, ಎರಡನ್ನೂ ಮೂಳೆ ಸಿಮೆಂಟಿನಿಂದ ಹಿಡಿಸಿದ ವಿಧಾನವೇ ಇಂದಿನ ಕೀಲುಗಳಿಗೆಲ್ಲ ಅಡಿಪಾಯ. ಹೊಸದೆಲ್ಲವೂ ಅದಕ್ಕಿಂತ ಮೇಲಾಗಲಿಲ್ಲ. ಲೋಹಕ್ಕೆ ಲೋಹವೇ ಉಜ್ಜುವ ಒಂದು ಮಾದರಿಯನ್ನು ಆಧುನಿಕವೆಂದು ಹೊಗಳಿ ಲೋಕವೆಲ್ಲ ಬಳಸಿತು. ಅದು ಬೇಗ ಕೆಡುತ್ತಿರುವುದು ಆಸ್ಟ್ರೇಲಿಯಾದ ಕೀಲು ದಾಖಲಾತಿಯಲ್ಲಿ, ಅಂದರೆ ದೇಶದಲ್ಲಿ ಬದಲಿಸಿದ ಕೀಲುಗಳ ಲೆಕ್ಕವಿಡುವ ಪಟ್ಟಿಯಲ್ಲಿ, ಎದ್ದು ಕಂಡಿತು. 2010ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಸ್ವೀಡನ್ 1979ರಿಂದಲೇ ಇಂಥ ದಾಖಲಾತಿ ಇಟ್ಟಿದೆ, ಆಸ್ಟ್ರೇಲಿಯಾ 1999ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್ 2003ರಿಂದ. ಅವುಗಳ ವಾರ್ಷಿಕ ವರದಿಗಳನ್ನು ಯಾರು ಬೇಕಾದರೂ ಓದಬಹುದು, ಊರಿನ ವೈದ್ಯರು ಹೇಳಿದ ಮಾದರಿಯ ಹೆಸರನ್ನು ನೀವು ಇಲ್ಲಿ ಕುಳಿತೇ ಅವುಗಳಲ್ಲಿ ಹುಡುಕಬಹುದು. ದೂರದಲ್ಲಿರುವವರು ಊರಿನವರಿಗಿಂತ ಚೆನ್ನಾಗಿ ಮಾಡಬಲ್ಲ ಕೆಲಸ ಇದೊಂದೇ ಇರಬಹುದು. ಇಂಥ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ ನೂರರಲ್ಲಿ ಸುಮಾರು 58 ಬದಲಿ ಕೀಲುಗಳು 25 ವರ್ಷ ಬಾಳುತ್ತವೆ. ನಿಮ್ಮ ತಾಯಿಯವರ ವಯಸ್ಸಿನಲ್ಲಿ, ಒಳ್ಳೆಯ ದಾಖಲೆಯಿರುವ ಕೀಲು ಅವರ ಕಾಲಕ್ಕೆ ಸಾಕಾಗುವ ಸಂಭವವೇ ಹೆಚ್ಚು. ಸಿಮೆಂಟ್ ಹಾಕಿ ಕೂರಿಸುತ್ತೇನೆ ಎಂದರೆ ಹಳೆಯ ಕಾಲದವರೆಂದು ಭಾವಿಸಬೇಡಿ. ಮೂಳೆ ತೆಳುವಾದ ವಯಸ್ಸಿನಲ್ಲಿ ತೊಡೆಮೂಳೆಯೊಳಗೆ ಸಿಮೆಂಟ್ ಹಾಕಿ ಇಳಿಸಿದ ಕೃತಕ ಕೀಲಿನ ಕಂಬಿಯ ಸುತ್ತ ತೊಡೆಮೂಳೆ ಮುರಿಯುವುದು ಕಡಿಮೆ.

ಇಷ್ಟು ಹೇಳಿದ ಮೇಲೆ, ನಾನು ನಿಜವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಪರದೇಶದಲ್ಲಿರುವ ಮಕ್ಕಳು ವೈದ್ಯರನ್ನು ಹುಡುಕುವಾಗ ತಮಗರಿವಿಲ್ಲದೆ ತಮ್ಮ ಸಮಾಧಾನಕ್ಕಾಗಿ ಹುಡುಕುತ್ತಾರೆ. ದೊಡ್ಡ ನಗರದ, ದೊಡ್ಡ ಹೆಸರಿನ, ಇಂಗ್ಲಿಷಿನಲ್ಲಿ ಸೊಗಸಾಗಿ ಇಮೇಲ್ ಬರೆಯುವ, ವಿಡಿಯೋ ಕರೆಗೆ ಸಿಗುವ ವೈದ್ಯರು ನಮಗೆ ಇಷ್ಟವಾಗುತ್ತಾರೆ. ಆದರೆ ನಾಲ್ಕನೆಯ ವಾರದ ರಾತ್ರಿ ಗಾಯದಿಂದ ನೀರು ಜಿನುಗಿದರೆ, ಮೀನಖಂಡ ಊದಿ ಬಿಸಿಯಾದರೆ, ಕುರ್ಚಿಯಿಂದ ಏಳುವಾಗ ಕೀಲು ಕಳಚಿ ಕಾಲು ಗಿಡ್ಡವಾಗಿ ತಿರುಗಿಕೊಂಡರೆ, ಆಗ ಬೇಕಾಗುವುದು ನಿಮ್ಮ ತಾಯಿಯವರನ್ನು ಹೆಸರಿನಿಂದ ಬಲ್ಲ, ಒಂದು ಗಂಟೆಯೊಳಗೆ ತಲುಪಬಹುದಾದ ವೈದ್ಯರು. ಬದಲಿ ಕೀಲಿಗೆ ಸೋಂಕು ತಗಲುವುದು ನೂರಕ್ಕೆ ಒಬ್ಬರಿಗೆ ಎಂಬಂತೆ ಅಪರೂಪ. ಆದರೆ ತಗಲಿದಾಗ ಮೊದಲ ಕೆಲವು ದಿನಗಳಲ್ಲೇ ತೊಳೆದು ಶುಚಿ ಮಾಡಿದರೆ ಕೀಲು ಉಳಿಯಬಹುದು, ತಡವಾದರೆ ಅದನ್ನು ತೆಗೆಯಬೇಕಾದೀತು. ಹತ್ತು ಗಂಟೆಯ ದಾರಿಯಾಚೆ ಇರುವ ಖ್ಯಾತರಿಗೆ ಮೊಬೈಲಿನಲ್ಲಿ ಫೋಟೋ ಕಳುಹಿಸಿ ಉತ್ತರ ಕಾಯುವ ಸ್ಥಿತಿ ಆಗ ಬರಬಾರದು.

ನನ್ನ ತಂದೆಯವರ ವಿಷಯದಲ್ಲಿ ಆಸ್ಪತ್ರೆ ಹತ್ತಿರವೇ ಇತ್ತು, ವೈದ್ಯರೂ ಒಳ್ಳೆಯವರೇ. ಮುಂದಿನ ತಿಂಗಳೇ ಮಾಡೋಣವೆಂದು ಅವರು ಹೇಳಿದ್ದರು. ಮಗ ಬರಲಿ ಎಂದು ಹೇಳಿ ತಂದೆಯವರು ಎದ್ದು ಬಂದರು. ನನಗೆ ರಜೆ ಸಿಗುವುದು ವರ್ಷದ ಕೊನೆಗೆ ಎಂದು ಅವರಿಗೆ ಗೊತ್ತಿತ್ತು, ಮಾಡಿಸಿಕೊಳ್ಳಲು ಡೇಟು ಕೊಟ್ಟಿದ್ದರೆಂದು ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಪರವಾಗಿಲ್ಲ, ಓಡಾಡಿಕೊಂಡಿದ್ದೇನೆ ಎನ್ನುತ್ತಿದ್ದರು. ನಮ್ಮ ಹಿರಿಯರ ಆ ಪರವಾಗಿಲ್ಲ ನಿಮಗೂ ಗೊತ್ತು. ನಾನು ಬಾಗಿಲಲ್ಲಿ ಇಳಿದ ದಿನ ಅವರು ಮಂಚಕ್ಕೆ ಹತ್ತಿದ್ದನ್ನು ನೋಡಿದೆ. ಒಂದು ಕಾಲನ್ನು ತಾವೇ ಎತ್ತಿಟ್ಟರು, ಇನ್ನೊಂದನ್ನು ಪೈಜಾಮದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಸಾಮಾನು ಎತ್ತುವ ಹಾಗೆ ಎತ್ತಿ ಮೇಲಿಟ್ಟುಕೊಂಡರು. ಆ ತೊಡೆ ಇನ್ನೊಂದರ ಮುಕ್ಕಾಲು ಪಾಲೂ ಇರಲಿಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ನೋವು ಅಂದಿಗೇ ಹೋಯಿತು ಎಂದು ಅವರು ಹೇಳುತ್ತಿದ್ದುದು ಸುಳ್ಳಲ್ಲ. ಆದರೆ ನೋವಿಗೆ ಹೆದರಿ ಬಳಸದೆ ಬಿಟ್ಟ ಮಾಂಸಖಂಡ ಆ ವಯಸ್ಸಿನಲ್ಲಿ ಪೂರ್ತಿ ತುಂಬಿ ಬರಲಿಲ್ಲ. ಕೊನೆಯವರೆಗೂ ಅವರು ಒಂದು ಪಕ್ಕಕ್ಕೆ ವಾಲಿ, ಕೋಲು ಹಿಡಿದೇ ನಡೆದರು. ಅವರು ಕಾದದ್ದು ನನ್ನ ರಜೆಗಾಗಿ ಎಂಬುದು ಇಷ್ಟು ವರ್ಷಗಳಾದರೂ ಮನಸ್ಸಿನಿಂದ ಹೋಗಿಲ್ಲ. ಆದ್ದರಿಂದ ನೀವು ಮುಂದಿನ ಸಲ ಮಾತನಾಡುವಾಗ ಹೇಗಿದ್ದೀರಿ ಎಂದು ಕೇಳಬೇಡಿ. ಕಾಲುಚೀಲ ಯಾರು ಹಾಕುತ್ತಾರೆ, ಮೆಟ್ಟಿಲು ಹೇಗೆ ಹತ್ತುತ್ತೀರಿ, ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುತ್ತದೆಯೇ ಎಂದು ಕೇಳಿ. ಆಕ್ಸ್‌ಫರ್ಡ್ ಹಿಪ್ ಸ್ಕೋರ್ ಎಂಬ ಹನ್ನೆರಡು ಪ್ರಶ್ನೆಗಳ ಪಟ್ಟಿ ಇಂಥವುಗಳದೇ. ತೀರಾ ಕೆಟ್ಟ ಕೀಲಿಗೆ ಸೊನ್ನೆ, ತೊಂದರೆಯೇ ಇಲ್ಲದ ಕೀಲಿಗೆ 48 ಅಂಕ. ತಿಂಗಳಿಗೊಮ್ಮೆ ಕೇಳಿ ಬರೆದಿಟ್ಟುಕೊಂಡರೆ ಅಂಕ ಇಳಿಯುತ್ತಿರುವುದು ತಾನಾಗಿ ಕಾಣುತ್ತದೆ, ಪರವಾಗಿಲ್ಲ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಅವಸರವೂ ಬೇಡ. ಕಳೆದ ಮೂರು ತಿಂಗಳೊಳಗೆ ಆ ಕೀಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರೆ ಸೋಂಕಿನ ಅಪಾಯ ಹೆಚ್ಚಾಗುವುದರಿಂದ ಕಾಯಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ರಕ್ತ ಕಡಿಮೆಯಿದ್ದರೆ ಸರಿಪಡಿಸಿಕೊಳ್ಳಬೇಕು, ಕೀವಾದ ಹಲ್ಲು ಇದ್ದರೆ ಮೊದಲು ಅದನ್ನು ನೋಡಿಸಬೇಕು. ಇವನ್ನು ತಾವಾಗಿ ಕೇಳದೆ ಬರುವ ವಾರದ ದಿನಾಂಕ ಕೊಡುವ ವೈದ್ಯರು ಎಷ್ಟೇ ಹೆಸರುವಾಸಿಯಾಗಿದ್ದರೂ ನಾನು ಎದ್ದು ಬರುತ್ತೇನೆ. ಅರಿವಳಿಕೆಯ ವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲೇ ತಾಯಿಯವರನ್ನು ಕಂಡು ಮಾತನಾಡುತ್ತಾರೆಯೇ, ಮರುದಿನವೇ ಎಬ್ಬಿಸಿ ನಡೆಸುವ ಫಿಸಿಯೋಥೆರಪಿಸ್ಟ್ ಇದ್ದಾರೆಯೇ ಎಂಬುದನ್ನೂ ವಿಚಾರಿಸಿ. ತಾಯಿಯವರಿಗೆ ನೆಲದ ಮೇಲೆ ಕೂರುವ ರೂಢಿಯಿದ್ದರೆ ಅದನ್ನು ಅವರೇ ಬಾಯಿಬಿಟ್ಟು ಹೇಳಲಿ. ಯಾವ ಭಂಗಿ ಸಲ್ಲದು, ಎಷ್ಟು ಕಾಲ ಸಲ್ಲದು ಎಂಬ ಉತ್ತರ ವೈದ್ಯರು ತೆರೆಯುವ ಬಗೆಯನ್ನೂ ಕೂರಿಸುವ ಕೀಲನ್ನೂ ಅವಲಂಬಿಸಿರುತ್ತದೆ.

ನಿಮ್ಮ ರಜೆಯ ವಿಷಯ. ನಾವೆಲ್ಲ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಲ್ಲಬೇಕೆಂದು ಹಾತೊರೆಯುತ್ತೇವೆ, ಇದ್ದ ರಜೆಯನ್ನೆಲ್ಲ ಅಲ್ಲೇ ಸುರಿಯುತ್ತೇವೆ. ಆಸ್ಪತ್ರೆಯಲ್ಲಿ ನರ್ಸುಗಳಿದ್ದಾರೆ, ಮೊದಲ ವಾರ ನೆಂಟರಿಷ್ಟರೂ ಬಂದುಹೋಗುತ್ತಾರೆ. ಎರಡನೆಯ ವಾರ ಕಳೆದ ಮೇಲೆ ಯಾರೂ ಇರುವುದಿಲ್ಲ; ವ್ಯಾಯಾಮ ಬೇಸರವಾಗುವುದೂ, ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಸಾಕೆಂದು ನಿಲ್ಲಿಸುವುದೂ, ವಾಕರ್ ಬಿಟ್ಟು ಗೋಡೆ ಹಿಡಿಯುವುದೂ ಆಗಲೇ. ನೀವು ಹೊಸಬರು, ಸಿಗುವ ರಜೆ ಕಡಿಮೆ. ಶಸ್ತ್ರಚಿಕಿತ್ಸೆಯ ದಿನ ಸೋದರಮಾವನವರೋ ಅಕ್ಕನೋ ನಿಲ್ಲಲಿ, ನೀವು ಹತ್ತು ದಿನ ಬಿಟ್ಟು ಹೋಗಿ. ಜನ ಆಡಿಕೊಳ್ಳುತ್ತಾರೆ; ಆಡಿಕೊಳ್ಳಲಿ.

ಇನ್ನು ನೀವು ಕಳುಹಿಸಿದ ಮೂರು ಹೆಸರುಗಳು. ದೂರದ ನಗರದಲ್ಲಿರುವ ಖ್ಯಾತರ ಬಗ್ಗೆ ನನಗೆ ಗೌರವವಿದೆ. ಅವರನ್ನು ಎರಡನೆಯ ಅಭಿಪ್ರಾಯಕ್ಕೆ ಇಟ್ಟುಕೊಳ್ಳಿ. ನಿಮ್ಮ ಭಾವನವರ ಸ್ನೇಹಿತರು ಬೆನ್ನುಮೂಳೆಯ ತಜ್ಞರೆಂದು ನೀವೇ ಬರೆದಿದ್ದೀರಿ, ಸ್ನೇಹಕ್ಕೆ ನಮಸ್ಕಾರ ಹೇಳಿ ಬಿಟ್ಟುಬಿಡಿ. ಮನೆಯಿಂದ ಅರ್ಧ ಗಂಟೆಯ ದೂರದಲ್ಲಿರುವ, ಸೊಂಟ ಮತ್ತು ಮಂಡಿಯನ್ನಷ್ಟೇ ಮಾಡುವ ಆ ಕಿರಿಯ ವೈದ್ಯರ ಬಳಿಗೆ ತಾಯಿಯವರು ಮೊದಲು ಹೋಗಲಿ. ಹಳೆಯ ಎಕ್ಸ್‌ರೇಗಳು, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದರ ಚೀಟಿ ಜೊತೆಗಿರಲಿ. ನೀವು ಫೋನಿನಲ್ಲಿ ಮಧ್ಯೆ ಬಾಯಿ ಹಾಕದೆ ಆ ಹೊತ್ತನ್ನು ಅವರಿಬ್ಬರಿಗೇ ಬಿಡಿ. ವೈದ್ಯರು ಏನೆಂದರು ಎಂದು ಸಂಜೆ ತಾಯಿಯವರನ್ನೇ ಕೇಳಿ. ಅವರು ತಮ್ಮ ಮಾತಿನಲ್ಲಿ ಅದನ್ನು ತಿರುಗಿ ಹೇಳಬಲ್ಲವರಾದರೆ ನನಗೂ ಒಂದು ಸಾಲು ಬರೆಯಿರಿ, ಇಂಪ್ಲಾಂಟಿನ ಹೆಸರನ್ನು ವರದಿಗಳಲ್ಲಿ ಇಬ್ಬರೂ ಕೂಡಿ ಹುಡುಕೋಣ.